ಮುನಿದ ಪ್ಲಗ್-ಇನ್ನನ್ನು ಸರಿಪಡಿಸುವ ಬಗೆ

ಯಾವುದೇ ಉಪಕರಣವು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವಷ್ಟು ಕಾಲ ಅದರ ಒಳರಚನೆಯನ್ನು ಕುರಿತು ನಾವು ಯೋಚಿಸುವುದಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿರುವಾಗ ಕೊಳವೆಯ ಹಾದಿಯನ್ನು ಕೇಳುವವರಾರು? ನೀರು ನಿಂತ ದಿನವೇ ಮಹಡಿಯ ತೊಟ್ಟಿಯಿಂದ ಮನೆಯ ನಲ್ಲಿಯವರೆಗೆ ಎಲ್ಲಿ ಅಡಚಣೆಯಾಗಿದೆಯೆಂದು ಹುಡುಕಿಕೊಂಡು ಹೊರಡುತ್ತೇವೆ. ಗಣಕಯಂತ್ರದ ವಿಷಯವೂ ಹೀಗೆಯೇ. ಬರೆದ ಸ್ಕ್ರಿಪ್ಟು ಮೊದಲನೆಯ ಸಲವೇ ನಡೆದುಬಿಟ್ಟರೆ ಅದರಿಂದ ಕಲಿಯುವುದು ಅಲ್ಪ. ಅದು ನಡುದಾರಿಯಲ್ಲಿ ನಿಂತಾಗ ಕಾರಣವನ್ನು ಹುಡುಕುವ ಶ್ರಮದಲ್ಲಿ ಕಲಿಯುವುದು ಬಹಳ. ಗಿಂಪ್ ಎಂಬ ಚಿತ್ರಸಂಪಾದನೆಯ ತಂತ್ರಾಂಶದಲ್ಲಿ ಪೈಥಾನ್ ಭಾಷೆಯ ಸ್ಕ್ರಿಪ್ಟುಗಳೂ ಪ್ಲಗ್-ಇನ್ನುಗಳೂ ಕೆಲಸ ಮಾಡದೆ ಹೋದಾಗ ದೋಷವನ್ನು ಹುಡುಕುವ ಕ್ರಮವೇನೆಂಬುದನ್ನು ಈ ಲೇಖನದಲ್ಲಿ ವಿದ್ಯಾರ್ಥಿ ಮಿತ್ರರ ಮುಂದಿಡಲು ಬಯಸುತ್ತೇವೆ.

ಈ ವಿಷಯವನ್ನೇ ಆರಿಸಿಕೊಳ್ಳಲು ಒಂದು ಕಾರಣವುಂಟು. ಗಣಕಯಂತ್ರದ ಕೊಠಡಿಯಲ್ಲಿ ನಮ್ಮ ವಿದ್ಯಾರ್ಥಿಗಳು ಕೆಲಸ ಮಾಡುವುದನ್ನು ನಾವು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದೇವೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕಾರು ಸಾಲಿನ ದೋಷಸಂದೇಶ ಮೂಡಿದ ಕೂಡಲೇ ಅನೇಕರ ಮುಖ ಬಾಡುತ್ತದೆ. ಅದನ್ನು ಓದುವ ಮೊದಲೇ ಕಿಟಕಿಯನ್ನು ಮುಚ್ಚಿಬಿಡುತ್ತಾರೆ. ‘ನಾವು ಕನ್ನಡ ಮಾಧ್ಯಮದವರು, ಇದು ನಮಗೆ ಎಟುಕುವುದಲ್ಲ’ ಎಂಬ ಮಾತು ಬಾಯಿಯಿಂದ ಬರದಿದ್ದರೂ ಮನಸ್ಸಿನಲ್ಲಿ ಸುಳಿಯುತ್ತದೆ. ನಾವೂ ಕನ್ನಡದಲ್ಲಿಯೇ ಓದಿ ಮೆಟ್ರಿಕ್ ಮುಗಿಸಿ ಈ ನಗರಕ್ಕೆ ಬಂದವರು. ಆ ಅಳುಕನ್ನು ಬಲ್ಲೆವು. ದೋಷವನ್ನು ಹುಡುಕುವ ಕೆಲಸಕ್ಕೆ ಬೇಕಾದುದರಲ್ಲಿ ಇಂಗ್ಲಿಷಿನ ಪಾಲು ಸ್ವಲ್ಪ, ಕ್ರಮವಾದ ವಿಚಾರದ ಪಾಲು ಹೆಚ್ಚು ಎಂಬುದನ್ನು ಮುಂದಿನ ವಿವರಗಳಿಂದ ತಿಳಿಯಬಹುದು.

ಮೊದಲು ಗಿಂಪಿನ ಪರಿಚಯ ಮಾಡಿಕೊಳ್ಳೋಣ. ಛಾಯಾಚಿತ್ರಗಳ ಅಳತೆ ಬದಲಿಸುವುದು, ಮಾಸಿದ ಬಣ್ಣವನ್ನು ತಿದ್ದುವುದು, ಬೇಡವಾದ ಅಂಚನ್ನು ಕತ್ತರಿಸುವುದು, ಚಿತ್ರದ ಮೇಲೆ ಅಕ್ಷರಗಳನ್ನು ಬರೆಯುವುದು ಮೊದಲಾದ ಕೆಲಸಗಳನ್ನು ಇದು ಮಾಡುತ್ತದೆ. ಅಮೆರಿಕ ದೇಶದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಇದನ್ನು ಆರಂಭಿಸಿದರು. 1996ರಲ್ಲಿ ಅದು ಸಾರ್ವಜನಿಕರ ಕೈಸೇರಿತು. ಇದಕ್ಕೆ ಬೆಲೆ ಕೊಡಬೇಕಾಗಿಲ್ಲ. ಇದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದುದರಿಂದಲೇ ಹಣವಿಲ್ಲದ ಶಾಲೆಗಳಿಗೂ ಇದು ದೊರಕುವಂತಾಗಿದೆ.

ಪೈಥಾನ್ ಎಂಬುದು ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಒಂದು ಭಾಷೆ. ನೆದರ್ಲೆಂಡ್ಸ್ ದೇಶದ ಗೈಡೋ ವಾನ್ ರಾಸಮ್ ಅವರು ಇದನ್ನು 1991ರಲ್ಲಿ ಮೊದಲು ಪ್ರಕಟಿಸಿದರು. ಹೆಸರನ್ನು ಕೇಳಿ ಹೆಬ್ಬಾವನ್ನು ನೆನೆಯುವವರೇ ಹೆಚ್ಚು. ಆದರೆ ಅವರು ಈ ಹೆಸರನ್ನು ಬಿ.ಬಿ.ಸಿ.ಯ ಒಂದು ಹಾಸ್ಯ ಕಾರ್ಯಕ್ರಮದಿಂದ ತೆಗೆದುಕೊಂಡರು. ಗಿಂಪಿನೊಳಗೆ ಈ ಭಾಷೆಯಲ್ಲಿ ಆಜ್ಞೆ ಕೊಡುವ ವ್ಯವಸ್ಥೆಗೆ ಪೈಥಾನ್-ಫೂ ಎಂದು ಹೆಸರು. ನೂರು ಚಿತ್ರಗಳನ್ನು ಒಂದೇ ಅಳತೆಗೆ ತರಬೇಕಾದಾಗ ಕೈಯಿಂದ ನೂರು ಸಲ ಮಾಡುವ ಬದಲು, ಮಾಡಬೇಕಾದುದನ್ನು ಒಮ್ಮೆ ಪೈಥಾನಿನಲ್ಲಿ ಬರೆದಿಟ್ಟರೆ ಗಣಕಯಂತ್ರವೇ ಬೇಸರವಿಲ್ಲದೆ ನೂರು ಸಲ ಮಾಡುತ್ತದೆ.

ಹೀಗೆ ಬರೆದಿಟ್ಟ ಆಜ್ಞೆಗಳ ಸಾಲಿಗೆ ಸ್ಕ್ರಿಪ್ಟು ಎನ್ನುತ್ತಾರೆ. ಅದನ್ನು ಒಂದು ಕಡತದಲ್ಲಿಟ್ಟು, ಗಿಂಪಿನ ಮೆನುವಿನಲ್ಲಿ ತನ್ನದೇ ಹೆಸರಿನಿಂದ ಕಾಣಿಸಿಕೊಳ್ಳುವಂತೆ ಅಣಿಗೊಳಿಸಿದರೆ ಅದು ಪ್ಲಗ್-ಇನ್ ಆಗುತ್ತದೆ. ಪ್ಲಗ್-ಇನ್ನು ಗಿಂಪಿನ ದೇಹದ ಅಂಗವಲ್ಲವೆಂಬುದನ್ನು ಗಮನಿಸಬೇಕು. ಮದುವೆಯ ಮನೆಗೆ ಹೊರಗಿನಿಂದ ಬಂದ ಅಡಿಗೆಯವರಂತೆ, ಅದು ಬೇರೆಯಾಗಿ ನಿಂತು, ಹೇಳಿದ ಕೆಲಸವನ್ನು ಮಾಡಿ ಹೊರಟುಹೋಗುತ್ತದೆ. ಈ ಏರ್ಪಾಡಿನಿಂದ ಒಂದು ಲಾಭವುಂಟು. ಪ್ಲಗ್-ಇನ್ನು ನಡುವೆ ಕುಸಿದು ಬಿದ್ದರೂ ಗಿಂಪ್ ಸಾಮಾನ್ಯವಾಗಿ ಬೀಳುವುದಿಲ್ಲ. ಆದರೂ ಅಂಥ ಸಂದರ್ಭದಲ್ಲಿ ತೆರೆದಿರುವ ಚಿತ್ರಗಳನ್ನು ಉಳಿಸಿ ಗಿಂಪನ್ನು ಮುಚ್ಚಿ ಮತ್ತೆ ತೆರೆಯುವುದು ಕ್ಷೇಮ.

ಈಗ ಮುಖ್ಯ ವಿಷಯಕ್ಕೆ ಬರೋಣ. ಪ್ಲಗ್-ಇನ್ನಿನ ಜೀವನದಲ್ಲಿ ಎರಡು ಘಟ್ಟಗಳಿವೆ. ಮೊದಲನೆಯದು ನೋಂದಣಿಯ ಘಟ್ಟ. ಗಿಂಪ್ ಆರಂಭವಾಗುವಾಗ ತನಗೆ ಗೊತ್ತುಪಡಿಸಿದ ಫೋಲ್ಡರುಗಳನ್ನು ನೋಡಿ, ಅಲ್ಲಿ ಹೊಸದಾಗಿ ಬಂದ ಅಥವಾ ತಿದ್ದಲ್ಪಟ್ಟ ಪ್ರತಿಯೊಂದು ಪ್ಲಗ್-ಇನ್ನನ್ನೂ ಎಬ್ಬಿಸಿ ಪ್ರಶ್ನಿಸುತ್ತದೆ: ನಿನ್ನ ಹೆಸರೇನು? ಮಾಡುವ ಕೆಲಸವೇನು? ಯಾವ ಮೆನುವಿನಲ್ಲಿ ಸ್ಥಳ ಬೇಕು? ಯಾವ ಬಗೆಯ ಚಿತ್ರಗಳ ಮೇಲೆ ಕೆಲಸ ಮಾಡಬಲ್ಲೆ? ಉತ್ತರಗಳನ್ನು ಗಿಂಪ್ ‘ಪ್ಲಗ್‌ಇನ್‌ಆರ್‌ಸಿ’ ಎಂಬ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಇದು ತರಗತಿಯ ಹಾಜರಿ ಪುಸ್ತಕವಿದ್ದ ಹಾಗೆ. ಎರಡನೆಯದು ಕೆಲಸದ ಘಟ್ಟ. ನಾವು ಮೆನುವಿನಲ್ಲಿ ಅದರ ಹೆಸರನ್ನು ಒತ್ತಿದಾಗ ಗಿಂಪ್ ಅದನ್ನು ಮತ್ತೊಮ್ಮೆ ಎಬ್ಬಿಸಿ, ಚಿತ್ರವನ್ನು ಅದರ ಕೈಗೆ ಕೊಟ್ಟು ಕೆಲಸ ಹೇಳುತ್ತದೆ.

ಈ ಎರಡು ಘಟ್ಟಗಳನ್ನು ತಿಳಿದವನಿಗೆ ಅರ್ಧ ದಾರಿ ಸಾಗಿದಂತೆಯೇ. ‘ಪ್ಲಗ್-ಇನ್ ಕೆಲಸ ಮಾಡುವುದಿಲ್ಲ’ ಎಂಬ ಒಂದೇ ದೂರಿನಲ್ಲಿ ನಾಲ್ಕು ಬೇರೆ ಬೇರೆ ಸ್ಥಿತಿಗಳು ಅಡಗಿವೆ. ಹೆಸರೇ ಮೆನುವಿನಲ್ಲಿ ಇಲ್ಲದಿರುವುದು ಒಂದು. ಹೆಸರಿದ್ದರೂ ಮಸುಕಾಗಿದ್ದು ಒತ್ತಲು ಬಾರದಿರುವುದು ಎರಡು. ಒತ್ತಿದಾಗ ದೋಷಸಂದೇಶ ಕೊಟ್ಟು ನಿಲ್ಲುವುದು ಮೂರು. ಯಾವ ಸಂದೇಶವೂ ಇಲ್ಲದೆ ಮುಗಿದು, ಫಲ ಮಾತ್ರ ತಪ್ಪಾಗಿರುವುದು ನಾಲ್ಕು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗನನ್ನು ಪಾಠದ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಹಾಜರಿದ್ದು ತಪ್ಪು ಉತ್ತರ ಕೊಡುವವನ ಹೆಸರನ್ನು ಮತ್ತೆ ಮತ್ತೆ ನೋಂದಾಯಿಸಿಯೂ ಪ್ರಯೋಜನವಿಲ್ಲ. ಆದುದರಿಂದ ನಮ್ಮ ಮುಂದಿರುವುದು ಯಾವ ಸ್ಥಿತಿಯೆಂದು ಮೊದಲು ನಿರ್ಧರಿಸಿಕೊಂಡು, ಆಮೇಲೆ ಸ್ಕ್ರಿಪ್ಟಿನ ಮೇಲೆ ಕೈಯಿಡಬೇಕು.

ಮೊದಲನೆಯ ಸ್ಥಿತಿಯನ್ನು ನೋಡೋಣ. ಹೆಸರು ಮೆನುವಿನಲ್ಲಿ ಕಾಣದಿದ್ದರೆ ನೋಂದಣಿಯಲ್ಲಿ ಎಲ್ಲಿಯೋ ತಡೆಯಾಗಿದೆಯೆಂದು ಅರ್ಥ. ಕಡತವು ಸರಿಯಾದ ಸ್ಥಳದಲ್ಲಿದೆಯೇ ಎಂಬುದು ಮೊದಲನೆಯ ಪ್ರಶ್ನೆ. ‘ಎಡಿಟ್’ ಮೆನುವಿನ ‘ಪ್ರಿಫರೆನ್ಸಸ್’ನಲ್ಲಿ ‘ಫೋಲ್ಡರ್ಸ್’ ಎಂಬಲ್ಲಿಗೆ ಹೋದರೆ, ಗಿಂಪ್ ಪ್ಲಗ್-ಇನ್ನುಗಳನ್ನು ಹುಡುಕುವ ಫೋಲ್ಡರುಗಳ ವಿಳಾಸ ಅಲ್ಲಿ ಬರೆದಿರುತ್ತದೆ. ಊಹೆಯಿಂದ ಎಲ್ಲಿಯೋ ಇಡುವ ಬದಲು ಆ ವಿಳಾಸವನ್ನು ನೋಡಿ ಇಡಬೇಕು. ಗಿಂಪಿನ 2.10ನೆಯ ಆವೃತ್ತಿಗೂ 3.0ನೆಯ ಆವೃತ್ತಿಗೂ ಫೋಲ್ಡರುಗಳು ಬೇರೆ ಬೇರೆ. ಇದಲ್ಲದೆ 3.0ರಲ್ಲಿ ಒಂದು ನಿಯಮವುಂಟು: ಪ್ರತಿಯೊಂದು ಪ್ಲಗ್-ಇನ್ನಿಗೂ ಅದರದೇ ಹೆಸರಿನ ಒಳಫೋಲ್ಡರು ಇರಬೇಕು. ಕಡತದ ಹೆಸರು ‘ಶೀರ್ಷಿಕೆ ಡಾಟ್ ಪಿ.ವೈ.’ ಎಂದಿದ್ದರೆ, ಅದು ‘ಶೀರ್ಷಿಕೆ’ ಎಂಬ ಫೋಲ್ಡರಿನೊಳಗೆ ಇರತಕ್ಕದ್ದು. ಎರಡು ಹೆಸರುಗಳಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಗಿಂಪ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕಡತದ ಪೂರ್ಣ ಹೆಸರೇನು ಎಂಬುದು ಎರಡನೆಯ ಪ್ರಶ್ನೆ. ವಿಂಡೋಸ್ ವ್ಯವಸ್ಥೆಯು ಹೆಸರಿನ ಕೊನೆಯ ಭಾಗವನ್ನು ಮರೆಮಾಡುವುದುಂಟು. ನೋಟ್‌ಪ್ಯಾಡಿನಲ್ಲಿ ಬರೆದು ಉಳಿಸಿದ ಕಡತವು ‘ಡಾಟ್ ಪಿ.ವೈ.’ ಎಂದು ಮುಗಿಯುವಂತೆ ಕಂಡರೂ, ಅದರ ಬೆನ್ನಿಗೆ ‘ಡಾಟ್ ಟಿ.ಎಕ್ಸ್.ಟಿ.’ ಎಂಬ ಬಾಲ ಕಣ್ಣಿಗೆ ಬೀಳದೆ ಅಂಟಿಕೊಂಡಿರಬಹುದು. ಕೊನೆಯ ಭಾಗವನ್ನು ತೋರಿಸುವಂತೆ ಏರ್ಪಡಿಸಿಕೊಂಡರೆ ಈ ಗುಟ್ಟು ಬಯಲಾಗುತ್ತದೆ. ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಬೇರೊಂದು ಕಟ್ಟಳೆಯಿದೆ: ಕಡತವನ್ನು ನಡೆಸಬಹುದೆಂಬ ಅನುಮತಿಯನ್ನು ಅದಕ್ಕೆ ಸ್ಪಷ್ಟವಾಗಿ ಕೊಟ್ಟಿರಬೇಕು. ಆ ಅನುಮತಿಯಿಲ್ಲದಿದ್ದರೆ ಪ್ಲಗ್-ಇನ್ನು ಎಷ್ಟು ಚೆನ್ನಾಗಿ ಬರೆದಿದ್ದರೂ ನೋಂದಣಿಯಾಗದು.

ಬರಹದಲ್ಲಿ ವ್ಯಾಕರಣದೋಷವಿದೆಯೇ ಎಂಬುದು ಮೂರನೆಯ ಪ್ರಶ್ನೆ. ಪೈಥಾನಿನಲ್ಲಿ ಸಾಲಿನ ಆರಂಭದಲ್ಲಿ ಬಿಡುವ ಜಾಗಕ್ಕೂ ಅರ್ಥವುಂಟು. ಯಾವ ಸಾಲು ಯಾವ ಸಾಲಿಗೆ ಅಧೀನವೆಂಬುದನ್ನು ಆ ಜಾಗವೇ ಹೇಳುತ್ತದೆ. ಒಂದು ಸಾಲಿನಲ್ಲಿ ಟ್ಯಾಬ್ ಕೀಲಿಯಿಂದಲೂ ಇನ್ನೊಂದರಲ್ಲಿ ಸ್ಪೇಸ್ ಕೀಲಿಯಿಂದಲೂ ಜಾಗ ಬಿಟ್ಟರೆ ಕಣ್ಣಿಗೆ ಎರಡೂ ಒಂದೇ. ಪೈಥಾನಿಗೆ ಬೇರೆ ಬೇರೆ. ಇಂಥ ಒಂದು ದೋಷವಿದ್ದರೂ ಇಡೀ ಕಡತವನ್ನು ಅದು ಓದಲೊಪ್ಪದು. ಪ್ಲಗ್-ಇನ್ನು ಆಗ ತನ್ನ ಹೆಸರನ್ನು ಹೇಳುವ ಮೊದಲೇ ಬಿದ್ದುಹೋಗುತ್ತದೆ. ಲಿನಕ್ಸ್ ಯಂತ್ರದಲ್ಲಿ ಗಿಂಪನ್ನು ಟರ್ಮಿನಲ್ಲಿನಿಂದ ಆರಂಭಿಸಿದರೆ ಹೀಗೆ ಬಿದ್ದ ಪ್ಲಗ್-ಇನ್ನಿನ ಕೊನೆಯ ಮಾತು ಅಲ್ಲಿ ಅಚ್ಚಾಗುತ್ತದೆ.

ಅಂತರಜಾಲದಿಂದ ತಂದ ಹಳೆಯ ಪ್ಲಗ್-ಇನ್ನುಗಳು ಕಾಣಿಸಿಕೊಳ್ಳದಿರಲು ಬಹುಸಾಮಾನ್ಯವಾದ ಕಾರಣ ಇನ್ನೊಂದಿದೆ. ಅದನ್ನು ತಿಳಿಯಲು ಸ್ವಲ್ಪ ಇತಿಹಾಸ ಬೇಕು. ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯು 2008ರ ಡಿಸೆಂಬರಿನಲ್ಲಿ ಬಂದಿತು. ಅದು ಎರಡನೆಯದಕ್ಕೆ ಪೂರ್ಣವಾಗಿ ಹೊಂದಿಕೊಳ್ಳುವಂಥದಾಗಿರಲಿಲ್ಲ. ಎರಡನೆಯ ಆವೃತ್ತಿಗೆ ದೊರೆಯುತ್ತಿದ್ದ ಆಧಾರವು 2020ರ ಜನವರಿ 1ರಂದು ಮುಗಿಯಿತು. ಆದರೆ 2018ರಲ್ಲಿ ಹೊರಬಂದ ಗಿಂಪ್ 2.10 ಎರಡನೆಯ ಪೈಥಾನನ್ನೇ ನೆಚ್ಚಿಕೊಂಡಿತ್ತು. ಹೀಗಾಗಿ 2020ರ ಸುಮಾರಿಗೆ ಕೆಲವು ಲಿನಕ್ಸ್ ವಿತರಣೆಗಳಲ್ಲಿ ಗಿಂಪ್ ಇದ್ದರೂ ಪೈಥಾನ್-ಫೂ ಇಲ್ಲವಾಯಿತು. 2025ರ ಮಾರ್ಚಿನಲ್ಲಿ ಪ್ರಕಟವಾದ ಗಿಂಪ್ 3.0 ಮೂರನೆಯ ಪೈಥಾನಿಗೆ ಬದಲಾಯಿಸಿಕೊಂಡಿತು. ಜೊತೆಗೆ ಪ್ಲಗ್-ಇನ್ನುಗಳು ತಮ್ಮ ಹೆಸರನ್ನು ನೋಂದಾಯಿಸುವ ಕ್ರಮವನ್ನೂ ಬದಲಾಯಿಸಿತು. ಹಳೆಯ ಪ್ಲಗ್-ಇನ್ನುಗಳು ಮೊದಲ ಸಾಲಿನಲ್ಲಿಯೇ ಕರೆಯುತ್ತಿದ್ದ ‘ಗಿಂಪ್‌ಎಫ್‌ಯು’ ಎಂಬ ಸಹಾಯಕ ಭಾಗವು 3.0ರಲ್ಲಿ ಇಲ್ಲ. ಆದುದರಿಂದ ಕಡತದ ಆರಂಭದಲ್ಲಿ ಆ ಹೆಸರು ಕಂಡರೆ ಅದು 2.10ಕ್ಕಾಗಿ ಬರೆದದ್ದೆಂದು ತಿಳಿಯಬೇಕು. ಅಂಥದನ್ನು ಹೊಸ ಕ್ರಮಕ್ಕೆ ತಕ್ಕಂತೆ ತಿರುಗಿ ಬರೆಯಬೇಕು, ಇಲ್ಲವೇ ಹೊಸ ಆವೃತ್ತಿಗಾಗಿ ಬರೆದದ್ದನ್ನು ಹುಡುಕಬೇಕು. ಫೋಲ್ಡರನ್ನು ಎಷ್ಟು ಸಲ ಬದಲಾಯಿಸಿದರೂ ಫಲವಿಲ್ಲ.

ಎರಡನೆಯ ಸ್ಥಿತಿ ಸುಲಭವಾದುದು. ಹೆಸರು ಮೆನುವಿನಲ್ಲಿದೆ, ಆದರೆ ಮಸುಕಾಗಿದೆ. ನೋಂದಣಿಯು ಸರಿಯಾಗಿದೆಯೆಂದೂ, ತೆರೆದಿರುವ ಚಿತ್ರ ಅದಕ್ಕೆ ಒಗ್ಗುವಂಥದಲ್ಲವೆಂದೂ ಇದರ ಅರ್ಥ. ಚಿತ್ರವನ್ನೇ ತೆರೆಯದೆ ಮೆನು ನೋಡುತ್ತಿರಬಹುದು. ಇಲ್ಲವೇ ಚಿತ್ರದ ಬಣ್ಣದ ಕ್ರಮ ಬೇರೆಯಾಗಿರಬಹುದು. ಜಿ.ಐ.ಎಫ್. ಜಾತಿಯ ಚಿತ್ರಗಳಲ್ಲಿ ಬಣ್ಣಗಳು ಒಂದು ಚಿಕ್ಕ ಪಟ್ಟಿಗೆ ಸೀಮಿತವಾಗಿರುತ್ತವೆ. ಇದಕ್ಕೆ ‘ಇಂಡೆಕ್ಸ್ಡ್’ ಕ್ರಮವೆಂದು ಹೆಸರು. ಕೆಂಪು, ಹಸಿರು, ನೀಲಿಗಳ ಬೆರಕೆಯಾದ ಆರ್.ಜಿ.ಬಿ. ಕ್ರಮದ ಮೇಲೆ ಮಾತ್ರ ಕೆಲಸ ಮಾಡುತ್ತೇನೆಂದು ಪ್ಲಗ್-ಇನ್ನು ನೋಂದಣಿಯಲ್ಲಿ ಹೇಳಿದ್ದರೆ, ಇಂಥ ಚಿತ್ರ ಎದುರಿಗಿರುವಾಗ ಗಿಂಪ್ ಅದರ ಹೆಸರನ್ನು ಮಸುಕು ಮಾಡುತ್ತದೆ. ‘ಇಮೇಜ್’ ಮೆನುವಿನ ‘ಮೋಡ್’ನಲ್ಲಿ ಆರ್.ಜಿ.ಬಿ.ಯನ್ನು ಆರಿಸಿದರೆ ಹೆಸರು ಮತ್ತೆ ಬೆಳಗುತ್ತದೆ.

ಮೂರನೆಯ ಸ್ಥಿತಿಯಲ್ಲಿ ದೋಷಸಂದೇಶ ಬರುತ್ತದೆ. ವಿದ್ಯಾರ್ಥಿಗಳು ಬಹಳವಾಗಿ ಹೆದರುವುದು ಇದಕ್ಕೇ. ಆದರೆ ನಾಲ್ಕು ಸ್ಥಿತಿಗಳಲ್ಲಿ ನಮಗೆ ಹೆಚ್ಚಿನ ಸಹಾಯ ಮಾಡುವುದೂ ಇದೇ. ಪೈಥಾನಿನ ದೋಷಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಎಲ್ಲಕ್ಕೂ ಕೆಳಗಿನ ಸಾಲಿನಲ್ಲಿ ದೋಷದ ಜಾತಿಯೂ ಅದರ ವಿವರಣೆಯೂ ಇರುತ್ತವೆ. ಅದರ ಮೇಲಿನ ಸಾಲುಗಳಲ್ಲಿ ಯಾವ ಕಡತದ ಎಷ್ಟನೆಯ ಸಾಲಿನಲ್ಲಿ ಕೆಲಸ ನಿಂತಿತೆಂಬುದು ಬರೆದಿರುತ್ತದೆ. ದೋಷದ ಜಾತಿಗಳು ಹಲವಿದ್ದರೂ ನಾವು ದಿನವೂ ಕಾಣುವವು ಐದಾರು ಮಾತ್ರ. ‘ನೇಮ್-ಎರರ್’ ಎಂದರೆ ಎಂದೂ ಪರಿಚಯಿಸದ ಹೆಸರನ್ನು ಕರೆದಿದ್ದೇವೆ. ಬಹುಮಟ್ಟಿಗೆ ಅಕ್ಷರದ ತಪ್ಪು. ‘ಆಟ್ರಿಬ್ಯೂಟ್-ಎರರ್’ ಎಂದರೆ ಆ ವಸ್ತುವಿಗೆ ಇಲ್ಲದ ಗುಣವನ್ನು ಕೇಳಿದ್ದೇವೆ. ‘ಟೈಪ್-ಎರರ್’ ಎಂದರೆ ಒಂದು ಜಾತಿಯ ವಸ್ತು ಬೇಕಾದಲ್ಲಿ ಇನ್ನೊಂದನ್ನು ಕೊಟ್ಟಿದ್ದೇವೆ. ‘ಇಂಡೆಕ್ಸ್-ಎರರ್’ ಎಂದರೆ ಮೂರೇ ವಸ್ತುಗಳಿರುವ ಸಾಲಿನಲ್ಲಿ ನಾಲ್ಕನೆಯದನ್ನು ಕೇಳಿದ್ದೇವೆ. ‘ಮಾಡ್ಯೂಲ್-ನಾಟ್-ಫೌಂಡ್-ಎರರ್’ ಎಂದರೆ ಕರೆದ ಸಹಾಯಕ ಭಾಗವು ಸಿಕ್ಕಿಲ್ಲ. ಈ ಐದಾರು ಹೆಸರುಗಳನ್ನು ಕನ್ನಡದ ಅರ್ಥದೊಡನೆ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡರೆ, ಇಂಗ್ಲಿಷಿನ ಭಯವು ಬಹುಪಾಲು ಅಲ್ಲಿಗೆ ಮುಗಿಯಿತು.

ಕೊನೆಯ ಹೆಸರಿನ ಬಗ್ಗೆ ಒಂದು ಮಾತು. ವಿಂಡೋಸ್‌ನಲ್ಲಿ ಗಿಂಪ್ ತನ್ನದೇ ಆದ ಪೈಥಾನನ್ನು ಒಡನೆ ತರುತ್ತದೆ. ನಾವು ಬೇರೆಯಾಗಿ ಸ್ಥಾಪಿಸಿಕೊಂಡ ಪೈಥಾನಿನಲ್ಲಿ ಎಷ್ಟು ಸಹಾಯಕ ಭಾಗಗಳಿದ್ದರೂ ಗಿಂಪಿನ ಪೈಥಾನಿಗೆ ಅವು ಕಾಣುವುದಿಲ್ಲ. ಪಕ್ಕದ ಮನೆಯ ಕಪಾಟಿನಲ್ಲಿರುವ ಪುಸ್ತಕವನ್ನು ನಮ್ಮ ಮನೆಯಲ್ಲಿ ಹುಡುಕಿದಂತೆ ಅದು. ಹಳೆಯ ಸ್ಕ್ರಿಪ್ಟನ್ನು ಹೊಸದಕ್ಕೆ ತರುವಾಗ ಎದುರಾಗುವ ಇನ್ನೊಂದು ಸಂಗತಿಯಿದೆ. ಗಿಂಪ್ 2.10 ಪ್ಲಗ್-ಇನ್ನಿಗೆ ಚಿತ್ರದ ಒಂದು ಪದರವನ್ನು ಕೊಡುತ್ತಿತ್ತು. 3.0ರಲ್ಲಿ ಹಲವು ಪದರಗಳನ್ನು ಒಟ್ಟಿಗೆ ಆರಿಸಬಹುದಾದುದರಿಂದ ಅದು ಪದರಗಳ ಪಟ್ಟಿಯನ್ನು ಕೊಡುತ್ತದೆ. ಒಂದನ್ನು ನಿರೀಕ್ಷಿಸಿದ ಬರಹವು ಪಟ್ಟಿಯನ್ನು ಕಂಡು ತಬ್ಬಿಬ್ಬಾಗುವುದು ಸಹಜ.

ನಾಲ್ಕನೆಯ ಸ್ಥಿತಿಯೇ ಕಠಿಣವಾದುದು. ಸಂದೇಶವಿಲ್ಲ, ಫಲ ತಪ್ಪು. ಇಲ್ಲಿ ನಾವೇ ಪ್ರಶ್ನೆ ಕೇಳಬೇಕು. ಚಿತ್ರದಲ್ಲಿ ಎಲ್ಲಿಯಾದರೂ ಒಂದು ಭಾಗವನ್ನು ಮೊದಲೇ ಆರಿಸಿಟ್ಟಿದ್ದೇವೆಯೇ? ಹಾಗಿದ್ದರೆ ಬಣ್ಣ ತಿದ್ದುವ ಕೆಲಸವು ಆ ಭಾಗಕ್ಕೆ ಮಾತ್ರ ತಗಲುತ್ತದೆ. ಕೆಲಸ ನಡೆದದ್ದು ಕಣ್ಣಿಗೆ ಕಾಣದಂತೆ ಮುಚ್ಚಿಟ್ಟ ಪದರದ ಮೇಲೋ? ಚಿತ್ರ ಬದಲಾಗಿದ್ದರೂ ಪರದೆಯನ್ನು ಹೊಸದಾಗಿ ಬರೆಯುವ ಆಜ್ಞೆಯನ್ನು ಕೊಟ್ಟಿಲ್ಲವೋ? ಭಾಗಾಕಾರದಲ್ಲಿಯೂ ಒಂದು ಬಲೆಯಿದೆ. 3ನ್ನು 4ರಿಂದ ಭಾಗಿಸೆಂದರೆ ಎರಡನೆಯ ಪೈಥಾನ್ 0 ಎಂದಿತು, ಮೂರನೆಯದು 0.75 ಎನ್ನುತ್ತದೆ. ಚಿತ್ರವನ್ನು ಮುಕ್ಕಾಲು ಅಳತೆಗೆ ಇಳಿಸುವ ಲೆಕ್ಕದಲ್ಲಿ ಈ ವ್ಯತ್ಯಾಸವು ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೇ ವಿಶೇಷವಾಗಿ ಎದುರಾಗುವ ಒಂದು ತೊಡಕನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮ ವಿದ್ಯಾರ್ಥಿಗಳು ವಸ್ತುಪ್ರದರ್ಶನಕ್ಕೆಂದು ಮನೆಮನೆಗಳ ಹಳೆಯ ಛಾಯಾಚಿತ್ರಗಳನ್ನು ಸೇರಿಸಿ, ಪ್ರತಿಯೊಂದರ ಕೆಳಗೂ ಹೆಸರನ್ನು ಬರೆಯುವ ಸ್ಕ್ರಿಪ್ಟೊಂದನ್ನು ಸಿದ್ಧಪಡಿಸಿದ್ದರು. ಪ್ರತಿ ಚಿತ್ರದ ಜೊತೆಗೆ ಹೆಸರಿನ ಒಂದು ಚಿಕ್ಕ ಕಡತ. ಪರೀಕ್ಷೆಗೆಂದು ಇಂಗ್ಲಿಷಿನಲ್ಲಿ ಬರೆದಿದ್ದ ಹೆಸರು ಸರಿಯಾಗಿ ಮೂಡಿತು. ‘ಕಮಲ’ ಎಂಬ ಹೆಸರಿನ ಸ್ಥಾನದಲ್ಲಿ ಒಂಬತ್ತು ವಿಚಿತ್ರ ಚಿಹ್ನೆಗಳು ಬಂದವು. ‘ಲಕ್ಷ್ಮಿ’ ಎಂಬ ಹೆಸರು ಬಂದಾಗ ಸ್ಕ್ರಿಪ್ಟು ನಿಂತೇಹೋಯಿತು. ಒತ್ತಕ್ಷರವೇ ದೋಷಕ್ಕೆ ಕಾರಣವೆಂದು ಒಬ್ಬನು ಊಹಿಸಿದನು. ಊಹೆಯನ್ನು ಪರೀಕ್ಷಿಸಲು ಒತ್ತಕ್ಷರವಿಲ್ಲದ ‘ಮಧು’ ಎಂಬ ಹೆಸರನ್ನು ಕೊಟ್ಟು ನೋಡಿದರು. ಅದೂ ನಿಂತಿತು. ಊಹೆ ಅಲ್ಲಿಗೆ ಬಿದ್ದುಹೋಯಿತು. ಬಿದ್ದುಹೋದ ಊಹೆಯೂ ಒಂದು ಲಾಭವೇ. ಹುಡುಕಬೇಕಾದ ಸ್ಥಳ ಅಷ್ಟು ಕಡಿಮೆಯಾಯಿತು.

ಕೆಳಗಿನ ಸಾಲನ್ನು ಓದಿದಾಗ ‘ಯೂನಿಕೋಡ್-ಡಿಕೋಡ್-ಎರರ್’ ಎಂಬ ಜಾತಿಯೂ, ‘ಲಕ್ಷ್ಮಿ’ಯಲ್ಲಿ 8ನೆಯ ಸ್ಥಾನದ ‘8ಡಿ’ ಎಂಬ ಬೈಟನ್ನು ಓದಲಾಗದೆಂಬ ವಿವರಣೆಯೂ ಇದ್ದವು. ಇದರ ಅರ್ಥವನ್ನು ಕಾಗದದ ಮೇಲೆ ಲೆಕ್ಕ ಮಾಡಿಯೇ ತಿಳಿಯಬಹುದು. ಗಣಕಯಂತ್ರದಲ್ಲಿ ಅಕ್ಷರಗಳಿಲ್ಲ, ಅಕ್ಷರಗಳಿಗೆ ಗೊತ್ತುಪಡಿಸಿದ ಸಂಖ್ಯೆಗಳಿವೆ. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯು ಕನ್ನಡದ ಅಕ್ಷರಗಳಿಗೂ ಚಿಹ್ನೆಗಳಿಗೂ ಸಂಖ್ಯೆಗಳನ್ನು ಕೊಟ್ಟಿದೆ. ಅವನ್ನು ಯು.ಟಿ.ಎಫ್.-8 ಎಂಬ ಕ್ರಮದಲ್ಲಿ ಬರೆದಿಡುವಾಗ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಚಿಹ್ನೆಗೂ ಮೂರು ಬೈಟು ಬೇಕು. ಆದರೆ ಕಡತದ ಕ್ರಮವು ಯಾವುದೆಂದು ಹೇಳದೆ ಬಿಟ್ಟರೆ, ವಿಂಡೋಸ್ ಇರುವ ಹಲವು ಯಂತ್ರಗಳಲ್ಲಿ ಪೈಥಾನ್ ಅದನ್ನು ಪಾಶ್ಚಾತ್ಯ ಭಾಷೆಗಳ ಒಂದು ಹಳೆಯ ಪಟ್ಟಿಯ ಪ್ರಕಾರ ಓದುತ್ತದೆ. ಆ ಪಟ್ಟಿಯಲ್ಲಿ ಒಂದು ಬೈಟಿಗೆ ಒಂದಕ್ಷರ.

ಈಗ ಎಲ್ಲವೂ ಹೊಂದಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳು ಎರಡು ಕ್ರಮಗಳಲ್ಲಿಯೂ ಒಂದೇ ಆದುದರಿಂದ ಇಂಗ್ಲಿಷ್ ಹೆಸರು ಸರಿಯಾಯಿತು. ‘ಕಮಲ’ದ ಮೂರಕ್ಷರಕ್ಕೆ ಒಂಬತ್ತು ಬೈಟುಗಳು, ಅವು ಒಂಬತ್ತು ಪರಕೀಯ ಚಿಹ್ನೆಗಳಾಗಿ ಕಂಡವು. ‘ಲಕ್ಷ್ಮಿ’ಯಲ್ಲಿ ಮೊದಲು ಲ, ಆಮೇಲೆ ಕ, ಮೂರನೆಯದಾಗಿ ಅರ್ಧಾಕ್ಷರವನ್ನು ಸೂಚಿಸುವ ಚಿಹ್ನೆ. ಪೈಥಾನ್ ಸೊನ್ನೆಯಿಂದ ಎಣಿಸುವುದರಿಂದ 8ನೆಯ ಸ್ಥಾನವೆಂದರೆ ಒಂಬತ್ತನೆಯ ಬೈಟು, ಎಂದರೆ ಆ ಅರ್ಧಾಕ್ಷರ ಚಿಹ್ನೆಯ ಕೊನೆಯ ಬೈಟು. ಹಳೆಯ ಪಟ್ಟಿಯ 256 ಸ್ಥಾನಗಳಲ್ಲಿ 5 ಖಾಲಿ ಬಿಟ್ಟಿವೆ, ‘8ಡಿ’ ಅವುಗಳಲ್ಲೊಂದು. ಉಕಾರದ ಚಿಹ್ನೆಯ ಕೊನೆಯ ಬೈಟು ‘81’, ಅದೂ ಖಾಲಿಯೇ. ‘ಮಧು’ ನಿಂತದ್ದು ಇದರಿಂದ. ಕಡತವನ್ನು ತೆರೆಯುವ ಆಜ್ಞೆಯಲ್ಲಿ ‘ಎನ್‌ಕೋಡಿಂಗ್’ ಯು.ಟಿ.ಎಫ್.-8 ಎಂಬ ಒಂದೇ ಮಾತನ್ನು ಸೇರಿಸಿದರೆ ಮೂರು ಹೆಸರುಗಳೂ ಸರಿಯಾಗುತ್ತವೆ. ಕನ್ನಡದಲ್ಲಿ ದೋಷವಿರಲಿಲ್ಲ, ಇದು ಕನ್ನಡವೆಂದು ಯಂತ್ರಕ್ಕೆ ಯಾರೂ ಹೇಳಿರಲಿಲ್ಲ.

ಇದಕ್ಕೆ ಸೇರಿದ ಇನ್ನೊಂದು ಎಚ್ಚರಿಕೆ. ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳೆಂದರೆ ನಾವು ಮೂರು ಎನ್ನುತ್ತೇವೆ. ಪೈಥಾನ್ ಐದು ಎನ್ನುತ್ತದೆ: ಕ, ನ, ಅರ್ಧಾಕ್ಷರ ಚಿಹ್ನೆ, ನ, ಡ. ಹೆಸರು ಉದ್ದವಾಯಿತೆಂದು ಸ್ಕ್ರಿಪ್ಟಿನಲ್ಲಿ ಅದನ್ನು ಇಂತಿಷ್ಟೇ ಅಕ್ಷರಕ್ಕೆ ಕತ್ತರಿಸಿದರೆ ಕತ್ತರಿಯು ಒತ್ತಕ್ಷರದ ನಡುವೆ ಬೀಳಬಹುದು. ಇಂಗ್ಲಿಷಿನವರು ಬರೆದ ಸ್ಕ್ರಿಪ್ಟುಗಳಲ್ಲಿ ಈ ವಿಷಯದ ಎಚ್ಚರಿಕೆ ಇರುವುದು ಅಪರೂಪ. ಕನ್ನಡ ಬಲ್ಲವನೇ ಇದನ್ನು ಕಾಣಬಲ್ಲನು.

ದೋಷವನ್ನು ಹುಡುಕುವವನು ಪಾಲಿಸಬೇಕಾದ ಕೆಲವು ಶಿಸ್ತುಗಳಿವೆ. ಎಲ್ಲಕ್ಕಿಂತ ಮೊದಲನೆಯದು, ಮೂಲಚಿತ್ರದ ಮೇಲೆ ಎಂದೂ ಪ್ರಯೋಗ ಮಾಡಬಾರದು. ಹೊಸ ಫೋಲ್ಡರಿಗೆ ನಕಲು ಮಾಡಿಕೊಂಡು ನಕಲಿನ ಮೇಲೆಯೇ ಸ್ಕ್ರಿಪ್ಟನ್ನು ನಡೆಸಬೇಕು. ಫಲವನ್ನು ಬೇರೆ ಹೆಸರಿನಿಂದ ಉಳಿಸಬೇಕು. ಊರಿನಿಂದ ಟ್ರಂಕಿನಲ್ಲಿ ಬಂದ ಅಜ್ಜಿಯ ಚಿತ್ರವು ಇರುವುದು ಒಂದೇ. ಅದರ ಸ್ಕ್ಯಾನ್ ಪ್ರತಿಯೂ ಕೆಲವೊಮ್ಮೆ ಒಂದೇ. ದೋಷವಿರುವ ಸ್ಕ್ರಿಪ್ಟು ನೂರು ಚಿತ್ರಗಳನ್ನು ಕೆಡಿಸಲು ಒಂದು ನಿಮಿಷವೂ ಬೇಡ. ಪ್ಲಗ್-ಇನ್ನನ್ನು ಮತ್ತೆ ಬರೆಯಬಹುದು. ಅಳಿದುಹೋದ ಮುಖವನ್ನು ಯಾರೂ ಬರೆದುಕೊಡಲಾರರು.

ಎರಡನೆಯದು, ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಕಡೆ ಒಟ್ಟಿಗೆ ತಿದ್ದಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಸರಿಹೋಗದಿದ್ದರೆ ಹೊಸ ದೋಷವೊಂದು ಸೇರಿತೋ ಎಂಬುದೂ ತಿಳಿಯದು. ಮೂರನೆಯದು, ನೂರು ಚಿತ್ರಗಳ ಮೇಲೆ ನಡೆಯದ ಸ್ಕ್ರಿಪ್ಟನ್ನು ಒಂದು ಚಿಕ್ಕ ಚಿತ್ರದ ಮೇಲೆ ನಡೆಸಿ ನೋಡಬೇಕು. ‘ಫಿಲ್ಟರ್ಸ್’ ಮೆನುವಿನ ‘ಡೆವಲಪ್‌ಮೆಂಟ್’ ವಿಭಾಗದಲ್ಲಿರುವ ಪೈಥಾನ್ ಕನ್ಸೋಲಿನಲ್ಲಿ ಒಂದೊಂದೇ ಸಾಲನ್ನು ಬರೆದು ಒತ್ತಿದರೆ ಅದರ ಉತ್ತರವು ಆಗಲೇ ಬರುತ್ತದೆ. ಎಲ್ಲಿಯವರೆಗೆ ಸರಿಯಿತ್ತು, ಎಲ್ಲಿಂದ ಕೆಟ್ಟಿತು ಎಂಬುದು ಸ್ಪಷ್ಟವಾಗುತ್ತದೆ. ಗಿಂಪಿನಲ್ಲಿ ಯಾವ ಆಜ್ಞೆಗೆ ಯಾವ ಹೆಸರೆಂಬುದನ್ನು ‘ಹೆಲ್ಪ್’ ಮೆನುವಿನ ‘ಪ್ರೊಸೀಜರ್ ಬ್ರೌಸರ್’ ತೋರಿಸುತ್ತದೆ. ನಾಲ್ಕನೆಯದು, ನೋಂದಣಿಯ ಭಾಗವನ್ನು ತಿದ್ದಿದಾಗ ಗಿಂಪನ್ನು ಮುಚ್ಚಿ ತೆರೆಯಲು ಮರೆಯಬಾರದು. ಕೆಲಸದ ಭಾಗವನ್ನು ಮಾತ್ರ ತಿದ್ದಿದ್ದರೆ ಅದರ ಅಗತ್ಯವಿಲ್ಲ. ಐದನೆಯದು, ಕಂಡ ಸಂದೇಶವನ್ನೂ ಮಾಡಿದ ತಿದ್ದುಪಡಿಯನ್ನೂ ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಕನ್ನಡದಲ್ಲಿಯೇ ಬರೆದಿಡಿ. ಮುಂದಿನ ವರ್ಷ ಅದೇ ದೋಷ ಇನ್ನೊಬ್ಬನಿಗೆ ಬಂದಾಗ ಆ ಪುಸ್ತಕವೇ ಅವನಿಗೆ ಗುರುವಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಯಂತ್ರವು ನಿಮ್ಮನ್ನು ಗದರಿಸುವುದಿಲ್ಲ, ಅಣಕಿಸುವುದಿಲ್ಲ, ನೀವು ಯಾವ ಮಾಧ್ಯಮದವರೆಂದು ಕೇಳುವುದಿಲ್ಲ. ತಾನು ನಿಂತ ಸ್ಥಳವನ್ನು ತಿಳಿದಮಟ್ಟಿಗೆ ಹೇಳುತ್ತದೆ, ಅಷ್ಟೆ. ಅದರ ಮಾತನ್ನು ಕೊನೆಯ ಸಾಲಿನವರೆಗೆ ಓದುವ ತಾಳ್ಮೆ, ಊಹೆಯನ್ನು ಪರೀಕ್ಷೆಗೊಡ್ಡುವ ಪ್ರಾಮಾಣಿಕತೆ, ಮೂಲವನ್ನು ಕಾಪಾಡುವ ಎಚ್ಚರ, ಇವು ಮೂರನ್ನೂ ಕನ್ನಡದಲ್ಲಿಯೇ ಕಲಿಯಬಹುದು. ನಾಳೆ ನಿಮ್ಮ ಪರದೆಯ ಮೇಲೆ ದೋಷಸಂದೇಶ ಮೂಡಿದಾಗ ಕಿಟಕಿಯನ್ನು ಮುಚ್ಚಬೇಡಿರಿ. ಪೆನ್ಸಿಲು ಹಿಡಿದು ಅದರ ಕೆಳಗಿನ ಸಾಲಿನಿಂದ ಓದಲು ತೊಡಗಿರಿ.